ಮಣ್ಣು ತಣ್ಣಗಿತ್ತು

ಭಾನುವಾರ, ಡಿಸೆಂಬರ್ ೧೦

ಪ್ರೀತಿಯ ಮರಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ನಾವು ಮೂವರೂ ಆರೋಗ್ಯವಾಗಿದ್ದೇವೆ. 'ಕ್ಷೇಮ' ಎಂದು ಬರೆಯಲು ಹೊರಟು ಕೈ ನಿಂತಿತು, ಅದಕ್ಕೇ ಆರೋಗ್ಯ ಎಂದಷ್ಟೇ ಬರೆದೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಆಸ್ಪತ್ರೆಯಲ್ಲಿ ಮಲಗಿರುವ ತಮ್ಮನಿಗೆ ತಕ್ಷಣ ಉತ್ತರ ಬರೆಯದವಳು ಯಾವ ಸೀಮೆಯ ಅಕ್ಕ ಎಂದು ನೀನು ಗೊಣಗಿರುತ್ತೀಯ. ಗೊಣಗು, ನನಗೆ ಅದು ಸಲ್ಲಬೇಕಾದ್ದೇ. ಎಷ್ಟು ಸಲ ಪೆನ್ನು ಹಿಡಿದು ಕೂತೆನೋ! ನಾಲ್ಕು ಸಾಲು ಬರೆಯುವುದು, ಹರಿದು ಎಸೆಯುವುದು. ನಿನ್ನ ಭಾವ ಕಸದ ಬುಟ್ಟಿ ನೋಡಿ, "ಇದೇನು ತಮ್ಮನಿಗೆ ಬರೆಯೋ ಕಾಗದಾನೋ, ಹಳೇ ಪ್ರಿಯಕರನಿಗೋ?" ಎಂದು ಕಿಚಾಯಿಸಿದರು.

ನಗಬೇಡ ಕಣೋ. ನಕ್ಕರೆ ಪಕ್ಕೆ ಹಿಡಿದುಕೊಳ್ಳುತ್ತದೆ ಎಂದು ನೀನೇ ಬರೆದಿದ್ದೀಯ. ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ಏನಾದರೂ ತಮಾಷೆ ಬಂದರೆ ಹಲ್ಲು ಕಚ್ಚಿಕೊಂಡು ಓದು.

"ಗುಂಡು ಒಳಗೆ ಬರಲಿಲ್ಲ ಅಕ್ಕಾ, ಹಳೇ ಜಾಕೆಟ್ಟೇ ತಡೀತು. ಆದರೆ ಕತ್ತೆ ಎದೆಗೆ ಒದ್ದ ಹಾಗಾಯ್ತು, ಪಕ್ಕೆಲುಬು ಮುರೀತು" ಎಂದು ನೀನು ಬರೆದ ಸಾಲು ಓದಿ ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಹೋಗಲಿ ಬಿಡು, ಹಾಲು ನಾಳೆಯೂ ಬರುತ್ತದೆ. ನೀನು ಎದ್ದು ಕೂತು ಪತ್ರ ಬರೆಯುವಷ್ಟು ಆಗಿದ್ದೀಯಲ್ಲ, ನನಗೆ ಅಷ್ಟು ಸಾಕು.

ನೀನು ಎರಡು ಪ್ರಶ್ನೆ ಕೇಳಿದ್ದೆ. ಒಂದು, "ಹೊಸ ಜಾಕೆಟ್ಟು ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾದು ಕಾದು ಕಣ್ಣು ಬೆಳ್ಳಗಾಯ್ತು. ಅದನ್ನ ಅಲ್ಲಿ ತಡೆದು ಕೂರಿಸಿದ ಪುಣ್ಯಾತ್ಮ ಯಾರು ಅಂತ ನಿಂಗೆ ಗೊತ್ತಿರುತ್ತೆ. ಹೇಳು, ರಜೆಗೆ ಬಂದಾಗ ಸ್ವಲ್ಪ ಮಾತಾಡಿಸ್ಕೊಂಡು ಬರ್ತೀನಿ." ಎರಡನೆಯದು, "ಮಾವ ಯಾಕೆ ಒಂದು ಅಕ್ಷರ ಬರೀತಿಲ್ಲ? ನನ್ನ ಮೇಲೆ ಕೋಪಾನಾ?"

ಎರಡಕ್ಕೂ ಉತ್ತರ ಒಂದೇ ಮರಿ. ಆ ಪುಣ್ಯಾತ್ಮ ಗಂಡಸಲ್ಲ, ಪುಣ್ಯಾತ್ಗಿತ್ತಿ. ಜಾಕೆಟ್ಟು ತಡೆದವಳು ನಾನೇ. ನಮ್ಮನ್ನು ಎತ್ತಿ ಬೆಳೆಸಿದ ಸೋದರಮಾವನಿಗೆ ನಿನ್ನ ಮೇಲೆ ಕೋಪವಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೋ ಅದನ್ನು ಇಳಿಸುವುದು ಈಗ ನನ್ನ ಕೈಯಲ್ಲಿಲ್ಲ, ನಿನ್ನ ಕೈಯಲ್ಲಿದೆ. ಮುಂದಿನ ತಿಂಗಳು ಮನೆ ಬಿಟ್ಟು ಹೋಗುತ್ತೇನೆ ಎನ್ನುತ್ತಿದ್ದಾರೆ. ಬಸ್ ನಿಲ್ದಾಣದ ಹಿಂದೆ, ಇಸ್ತ್ರಿ ಅಂಗಡಿಯ ಮೇಲೆ ಒಂದು ಕೋಣೆ ನೋಡಿ ಬಂದಿದ್ದಾರಂತೆ. ಅವರು ಹೋಗದ ಹಾಗೆ ನೀನು ಏನಾದರೂ ಮಾಡಬೇಕು. ಅದಕ್ಕೇ ಈ ಪತ್ರ.

ಇದನ್ನೆಲ್ಲ ನಿನಗೆ ಬರೆಯಬಹುದೇ ಎಂದು ನಮ್ಮ ಭದ್ರತಾ ಅಧಿಕಾರಿಯನ್ನೇ ಕೇಳಿದೆ. ಮನುಷ್ಯ ಮೀಸೆ ತಿರುವಿ, "ಅಂಕಿ ಬೇಡ, ಬಂದೂಕಿನ ಹೆಸರು ಬೇಡ, ಲಾಟಿನ ನಂಬರ್ ಬೇಡ. ಅಳು ನಗು ಎಷ್ಟು ಬೇಕಾದ್ರೂ ಬರ್ಕೊಳ್ಳಿ" ಎಂದ. ಹಾಗಾಗಿ ಈ ಪತ್ರದಲ್ಲಿ ಅಂಕಿ ಇಲ್ಲ, ಉಳಿದದ್ದೆಲ್ಲ ಇದೆ.

ನಾನು ರಕ್ಷಣಾ ಪ್ರಯೋಗಾಲಯದಲ್ಲಿದ್ದೇನೆ ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ಗಾಜಿನ ಕೋಣೆ, ಕೆಂಪು ದೀಪ, ಬಿಳಿ ಕೋಟು ಹಾಕಿಕೊಂಡು ಓಡಾಡುವ ಮೇಧಾವಿಗಳು! ನಮ್ಮದು ಉದ್ದನೆಯ ಹಳೇ ಶೆಡ್ಡು, ಮೂಲೆಯಲ್ಲಿ ಸೋರುತ್ತದೆ. ಬೆಳಿಗ್ಗೆ ಗೇಟಿನ ಬಳಿ ಫೋನನ್ನು ಕಬ್ಬಿಣದ ಗೂಡಿನಲ್ಲಿಟ್ಟು ಬೀಗ ಹಾಕಿ ಒಳಗೆ ಹೋದರೆ, ಸಂಜೆಯವರೆಗೆ ನಮ್ಮ ಮಟ್ಟಿಗೆ ಹೊರಗಿನ ಪ್ರಪಂಚ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅಲ್ಲಿ ಮಾಡುವುದೇನು ಎಂದರೆ ಮಣ್ಣು ನಾದುವುದು. ನಿನ್ನ ಭಾವನಿಗೆ ಇಷ್ಟು ವರ್ಷವಾದರೂ ನನ್ನ ಕೆಲಸ ಏನೆಂದು ಗೊತ್ತಿಲ್ಲ. ನನ್ನ ಉಗುರಿನ ಸಂದಿ ನೋಡಿ, ಕೇಳಿದವರಿಗೆಲ್ಲ "ಅವಳದ್ದು ಮಣ್ಣಿನ ಕೆಲಸ" ಎನ್ನುತ್ತಾರೆ. ಎದುರು ಮನೆಯಾಕೆ ಮೊನ್ನೆ ಒಂದು ಹೂವಿನ ಕುಂಡ ಮಾಡಿಕೊಡುತ್ತೀರಾ ಎಂದು ಕೇಳಿದಳು.

ನೀನು ಹಾಕಿಕೊಳ್ಳುವ ಜಾಕೆಟ್ಟನ್ನು ನಾವು ಹೇಗೆ ಪರೀಕ್ಷೆ ಮಾಡುತ್ತೇವೆ ಎಂದು ಒಂದು ಸಲವೂ ನಿನಗೆ ಹೇಳಿಲ್ಲ, ಅಲ್ಲವಾ? ಗುಂಡು ತೂರಿ ಹೋಗದಿದ್ದರೆ ಸಾಲದು ಕಣೋ, ಅದು ನಿನಗೇ ಈಗ ಚೆನ್ನಾಗಿ ಗೊತ್ತು. ಜಾಕೆಟ್ಟು ಗುಂಡನ್ನು ತಡೆದರೂ ಹಿಂದೆ ಮೈಗೆ ಎಷ್ಟು ಪೆಟ್ಟು ಬೀಳುತ್ತದೆ ಎನ್ನುವುದು ಮುಖ್ಯ. ಅದಕ್ಕೆ ಎಣ್ಣೆ ಬೆರೆತ ಜೇಡಿಮಣ್ಣನ್ನು ಒಂದು ಪೆಟ್ಟಿಗೆಯಲ್ಲಿ ಒತ್ತಿ ತುಂಬಿ, ಅದರ ಮೇಲೆ ಜಾಕೆಟ್ಟು ಕಟ್ಟಿ ಗುಂಡು ಹೊಡೆಯುತ್ತೇವೆ. ಆಮೇಲೆ ಜಾಕೆಟ್ಟು ಬಿಚ್ಚಿ, ಮಣ್ಣಿನಲ್ಲಿ ಬಿದ್ದ ಕುಳಿ ಎಷ್ಟು ಆಳ ಎಂದು ಅಳೆಯುತ್ತೇವೆ. ಕುಳಿ ಆಳವಾದರೆ ಜಾಕೆಟ್ಟು ಫೇಲು. ಮಣ್ಣು ನಮ್ಮ ಮೈಯಷ್ಟೇ ಮೆತ್ತಗಿರಬೇಕು. ಬೆಚ್ಚಗಿನ ಕಪಾಟಿನಲ್ಲಿಟ್ಟು ಹದಕ್ಕೆ ತರಬೇಕು. ತಣ್ಣಗಾದರೆ ಅದು ಗಟ್ಟಿಯಾಗುತ್ತದೆ, ಗಟ್ಟಿಯಾದರೆ ಕುಳಿ ಬೀಳುವುದಿಲ್ಲ, ಆಗ ಕೆಟ್ಟ ಜಾಕೆಟ್ಟೂ ಪಾಸಾಗಿಬಿಡುತ್ತದೆ.

ಆ ಮಣ್ಣಿನ ಯಜಮಾನಿಕೆ ಮಾವನದು. ನಾನು ಆ ಕೋಣೆಯ ಅಧಿಕಾರಿ ಆಗುವ ಎಷ್ಟೋ ವರ್ಷ ಮೊದಲಿನಿಂದ ಅವರದೇ. ಅವರು ಅದನ್ನು ನಾದಿ, ಸವರಿ, ಬೆಚ್ಚಗೆ ಮಲಗಿಸಿ ಎಬ್ಬಿಸುವುದು ನೋಡಿ ನಮ್ಮವರೆಲ್ಲ ಅದಕ್ಕೆ 'ಅಳಿಯ' ಎಂದು ಹೆಸರಿಟ್ಟಿದ್ದಾರೆ. "ಅಳಿಯಂದಿರು ಎದ್ದರಾ ಮಾವ?" ಎಂದು ಯಾರಾದರೂ ಕೇಳಿದರೆ, "ಸ್ವಲ್ಪ ಮೆತ್ತಗಾಗಲಿ ಇರ್ರಪ್ಪ, ಆಮೇಲೆ ಹೊಡೀರಿ" ಎನ್ನುತ್ತಿದ್ದರು. ಇಡೀ ಲೋಕದಲ್ಲಿ ಉಪಚಾರ ಮಾಡಿ ಮಾಡಿ ಗುಂಡು ಹೊಡೆಸುವ ಮಾವ ಅವರೊಬ್ಬರೇ ಇರಬೇಕು.

ನೋಡು, ಮತ್ತೆ ನಗಿಸಿದೆ. ತಪ್ಪಾಯಿತು.

ಇಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿ, ಒಂದೇ ಬಸ್ಸಿನಲ್ಲಿ ಮನೆಗೆ ಬಂದರೂ ಅಲ್ಲಿನ ಮಾತು ಮನೆಯಲ್ಲಿ ಎತ್ತುವುದಿಲ್ಲ ಎನ್ನುವುದು ನಿನಗೆ ಗೊತ್ತಿರುವುದೇ. "ಬಾಗಿಲಲ್ಲಿ ಚಪ್ಪಲಿ ಬಿಡ್ತೀವಲ್ಲ, ಹಾಗೇ ಆಫೀಸೂ ಹೊರಗೇ ಬಿಡಬೇಕು" ಎಂದು ನಾನು ಕೆಲಸಕ್ಕೆ ಸೇರಿದ ದಿನವೇ ಮಾವ ಹೇಳಿದ್ದರು. ಅಲ್ಲಿ ಮನೆಯ ಮಾತೂ ಆಡಬಾರದು. ಎರಡನ್ನೂ ಇಷ್ಟು ವರ್ಷ ಚಾಚೂ ತಪ್ಪದೆ ನಡೆಸಿದ್ದೇವೆ. ಒಳ್ಳೆಯ ನಿಯಮ ಎಂದೇ ನಾನು ಅಂದುಕೊಂಡಿದ್ದೆ.

ಈಗ ಆ ದಿನದ ಮಾತು. ನಿಮ್ಮ ತಂಡಕ್ಕೆ ಹೋಗಬೇಕಾದ ಜಾಕೆಟ್ಟುಗಳ ಲಾಟು ಬಂದಿತ್ತು. ಯಾರಿಗೆ ಹೋಗುತ್ತದೆ ಎಂದು ನಮಗೆ ಹೇಳುವುದಿಲ್ಲ, ಹೇಳಲೂಬಾರದು. ಆದರೆ "ಹೊಸದು ಮೊದಲು ನಮಗೇ ಅಂತೆ!" ಎಂದು ನೀನು ಫೋನಿನಲ್ಲಿ ಕೂಗಿದ್ದು ನಾನೂ ಕೇಳಿದ್ದೆ, ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದ ಮಾವನೂ ಕೇಳಿದ್ದರು. ಅದರ ಹಿಂದಿನ ಲಾಟು ಕೂದಲೆಳೆಯಷ್ಟರಲ್ಲಿ ಫೇಲಾಗಿ ಕಾರ್ಖಾನೆಗೆ ವಾಪಸು ಹೋಗಿತ್ತು. ನಾನೇ ಕಳಿಸಿದ್ದೆ. ಹಾಗಾಗಿ ಆ ಬೆಳಿಗ್ಗೆ ಬಸ್ಸಿನಲ್ಲಿ ನಮ್ಮಿಬ್ಬರ ತಲೆಯಲ್ಲೂ ನೀನೇ ಇದ್ದೆ. ಇಬ್ಬರೂ ಕಿಟಕಿಯ ಆಚೆ ನೋಡುತ್ತಾ ಕೂತಿದ್ದೆವು.

ಗುಂಡು ಹೊಡೆಯುವ ಮೊದಲು ಮಣ್ಣಿನ ಹದ ನೋಡಬೇಕು. ಒಂದು ಉಕ್ಕಿನ ಚೆಂಡನ್ನು ಮೇಲಿನಿಂದ ಬಿಡುತ್ತೇವೆ, ಅದು ಎಷ್ಟು ಹೂತುಕೊಂಡಿತು ಎಂದು ಅಳೆಯುತ್ತೇವೆ. ಮಾವ ಅಳೆದು ಕೂಗಿದರು, ನಾನು ಬರೆದುಕೊಂಡೆ. ಯಾವತ್ತೂ ಹಾಗೇ. ಆಮೇಲೆ ಗುಂಡು ಹೊಡೆದರು. ಜಾಕೆಟ್ಟು ಬಿಚ್ಚಿ ನೋಡಿದರೆ ಕುಳಿ ಎಷ್ಟು ಚಿಕ್ಕದು ಅಂತೀಯ! ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ನನ್ನ ತಮ್ಮನಿಗೆ ಇಂಥ ಜಾಕೆಟ್ಟು, ಈ ವಾರವೇ ಲಾರಿ ಹೊರಡುತ್ತದೆ ಎಂದು ಒಳಗೊಳಗೇ ಕುಣಿದಾಡಿದೆ. ಆ ಖುಷಿಯಲ್ಲಿ ಅಳಿಯನ ಭುಜ ತಟ್ಟುವ ಹಾಗೆ ಮಣ್ಣಿನ ಅಂಚಿಗೆ ಹೆಬ್ಬೆರಳು ಒತ್ತಿದೆ.

ಹೆಬ್ಬೆರಳು ಒಳಗೆ ಹೋಗಲಿಲ್ಲ. ಮಣ್ಣು ತಣ್ಣಗಿತ್ತು.

ಉಕ್ಕಿನ ಚೆಂಡನ್ನು ನಾನೇ ತೆಗೆದುಕೊಂಡು ಎಲ್ಲರೆದುರು ಬಿಟ್ಟೆ. ಅದು ಎಷ್ಟು ಇಳಿಯಬೇಕೋ ಅದರ ಅರ್ಧವೂ ಇಳಿಯಲಿಲ್ಲ. ಚಪ್ಪಾಳೆ ತಟ್ಟಿದವರು ಒಬ್ಬೊಬ್ಬರಾಗಿ ಆಚೆ ಸರಿದರು. ಮಾವ ಮಾತ್ರ ಕೈ ಒರೆಸುವ ಬಟ್ಟೆಯನ್ನು ಮಡಿಸುತ್ತಾ ನಿಂತಿದ್ದರು.

"ಮಾವ, ಬೆಳಿಗ್ಗೆ ಚೆಂಡು ಎಷ್ಟು ಇಳಿದಿತ್ತು?"

"ಬರ್ಕೊಂಡಿದ್ದೀಯಲ್ಲ."

"ನೀವು ಕೂಗಿದ್ದನ್ನ ಬರ್ಕೊಂಡಿದ್ದೀನಿ. ನಿಜವಾಗ್ಲೂ ಎಷ್ಟು ಇಳಿದಿತ್ತು?"

ಮಾವ ಸುಳ್ಳು ಹೇಳಲಿಲ್ಲ. "ಬೆಳಗ್ಗೆ ಬಂದ ತಕ್ಷಣ ಕಪಾಟಿನ ಬಾಗಿಲು ತೆಗೆದಿಟ್ಟೆ, ಕಿಟಕೀನೂ ತೆಗೆದೆ" ಎಂದರು. "ಜಾಕೆಟ್ಟು ಚೆನ್ನಾಗೇ ಇರುತ್ತೆ ಕಣೇ. ಎಲ್ಲಿ ಹೋದ ಸಲದ ಹಾಗೆ ಕೂದಲೆಳೆಯಷ್ಟಕ್ಕೆ ವಾಪಸ್ ಕಳಿಸಿಬಿಡ್ತೀಯೋ ಅಂತ ಭಯ ಆಯ್ತು. ಅಲ್ಲಿ ನಮ್ಮ ಹುಡುಗ ಸವೆದುಹೋದ ಜಾಕೆಟ್ಟಲ್ಲಿ ನಿಂತಿದ್ದಾನೆ. ನಿಂಗೆ ಅನ್ನ ಸೇರುತ್ತಾ? ನಂಗೆ ಸೇರಲ್ಲ."

ನಮ್ಮಮ್ಮ ಹೋದ ಮೇಲೆ, ಅಕ್ಕನ ಮಕ್ಕಳು ತಬ್ಬಲಿಯಾಗುತ್ತವೆ ಎಂದು ನಿಶ್ಚಯವಾಗಿದ್ದ ಮದುವೆಯನ್ನೇ ಬೇಡ ಎಂದವರು ಅವರು. ನೀನು ಆಗ ಅವರ ಹೆಗಲಿನಿಂದ ಕೆಳಗಿಳಿದದ್ದೇ ಕಡಿಮೆ. ಅವರು ಮಾಡಿದ ತಪ್ಪು ಪ್ರೀತಿಯಿಂದ ಆದದ್ದು ಎಂದು ನನಗೆ ಗೊತ್ತು. ಆದರೆ ಪ್ರೀತಿಯಿಂದ ಮಣ್ಣು ತಣ್ಣಗೆ ಮಾಡಿದರೂ ಮಣ್ಣು ತಣ್ಣಗೇ ಇರುತ್ತದೆ. ನಿನ್ನೊಬ್ಬನ ಜಾಕೆಟ್ಟಾಗಿದ್ದರೂ ನಾನು ಒಪ್ಪುತ್ತಿರಲಿಲ್ಲ, ಆ ಲಾಟಿನಲ್ಲಿ ಯಾರ್ಯಾರ ತಮ್ಮಂದಿರೋ ಇದ್ದರು. ಪರೀಕ್ಷೆ ರದ್ದು ಎಂದೆ.

ರದ್ದು ಎಂದರೆ ನಾಳೆ ಬೆಳಿಗ್ಗೆ ಮತ್ತೆ ಹೊಡೆಯುವುದಲ್ಲ. ಹೊಸದಾಗಿ ಜಾಕೆಟ್ಟು ಆರಿಸಿ ಮೊಹರು ಹಾಕಿ ತರಿಸಬೇಕು, ವಿಚಾರಣೆ ಆಗಬೇಕು, ವರದಿ ಬರೆಯಬೇಕು. ವರದಿ ಬರೆಯಬೇಕಾದವಳು ನಾನು. ನಮ್ಮ ನಿರ್ದೇಶಕರನ್ನು ನಾವು 'ಒಂದ್ನಿಮಿಷ ಸಾಹೇಬರು' ಎನ್ನುತ್ತೇವೆ, ಒಂದ್ನಿಮಿಷ ಎಂದು ಕರೆದು ಅರ್ಧ ದಿನ ಕೂರಿಸುವವರು. ಒಳ್ಳೆಯ ಮನುಷ್ಯ. ಕರೆದು, "ಒಂದ್ನಿಮಿಷ ಕೂತ್ಕೊಳ್ಳಮ್ಮ. ಕಪಾಟು ಕೆಟ್ಟಿತ್ತು ಅಂತ ಬರೆದುಬಿಡು. ಯಂತ್ರಕ್ಕೇನು ಮಾನ ಮರ್ಯಾದೆ ಇದೆಯಾ? ನಿಮ್ಮ ಮಾವ ಬರೋ ವರ್ಷ ನಿವೃತ್ತಿ ಆಗ್ತಾರೆ, ಹೂಮಾಲೆ ಹಾಕಿಸ್ಕೊಂಡು ಹೋಗಲಿ" ಎಂದರು.

ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆದರೆ ನೀನೇ ಯೋಚನೆ ಮಾಡು. ಕಪಾಟು ಕೆಟ್ಟಿತ್ತು ಎಂದರೆ, ಯಾವತ್ತಿನಿಂದ ಕೆಟ್ಟಿತ್ತು ಎಂದು ಕೇಳುತ್ತಾರೆ. ಆಗ ಆ ಕಪಾಟಿನ ಮಣ್ಣಿನ ಮೇಲೆ ಪಾಸಾದ ಜಾಕೆಟ್ಟುಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ಎಲ್ಲೆಲ್ಲೋ ನಿಂತವರ ಮೈಮೇಲಿನ ಒಳ್ಳೆಯ ಜಾಕೆಟ್ಟುಗಳನ್ನು ಬಿಚ್ಚಿ ವಾಪಸು ತರಿಸುತ್ತಾರೆ. ಇಲ್ಲವೇ, ಯಾರೂ ಏನೂ ಕೇಳದೆ ಸುಮ್ಮನಾದರೆ, ನಾಳೆ ಇನ್ನೊಬ್ಬರು ಪ್ರೀತಿಯಿಂದ ಇದೇ ಕೆಲಸ ಮಾಡುತ್ತಾರೆ. ಇಪ್ಪತ್ತು ಸಲ ತಿರುವಿ ಮುರುವಿ ನೋಡಿದೆ, ದಾರಿ ಕಾಣಲಿಲ್ಲ. ಮಾವ ಮಾಡಿದ್ದನ್ನು ಮಾವ ಮಾಡಿದ್ದು ಎಂದೇ ಬರೆದೆ. ಬರೆಯುವ ಮೊದಲು ಅವರಿಗೆ ಹೇಳಿದೆ. ಅವರು "ಬರಿ" ಎಂದರು, ಅಷ್ಟೇ.

ಕೆಲಸದಿಂದ ತೆಗೆಯಲಿಲ್ಲ, ಅದೊಂದು ಪುಣ್ಯ. ಮಣ್ಣಿನ ಕೋಣೆಯಿಂದ ಬಿಡಿಸಿ ಉಗ್ರಾಣಕ್ಕೆ ಹಾಕಿದರು. ಈಗ ಅವರು ಕಿಟಕಿಯ ಹಿಂದೆ ಕೂತು ಕೈಗವಸು, ಕನ್ನಡಕ, ಕಿವಿಗೆ ಹತ್ತಿ ಕೊಡುತ್ತಾರೆ. ನಾನು ಹೋದರೆ ಕೇಳಿದ್ದನ್ನು ಕೊಟ್ಟು ಸಹಿ ಮಾಡಿಸಿಕೊಳ್ಳುತ್ತಾರೆ.

ಮುಂದಿನದನ್ನು ಬರೆಯಲು ಕಷ್ಟ. ಹೊಸ ಮಣ್ಣಿನಲ್ಲಿ, ಸರಿಯಾದ ಹದದಲ್ಲಿ, ನಿಮ್ಮ ಲಾಟನ್ನು ಮತ್ತೆ ಪರೀಕ್ಷೆ ಮಾಡಿದೆವು. ಪಾಸಾಯಿತು. ಆರಾಮಾಗಿ ಪಾಸಾಯಿತು. ಲಾರಿ ಹೊರಟಿತು, ಹಿಮ ಬಿದ್ದು ದಾರಿ ಮುಚ್ಚಿತು, ಜಾಕೆಟ್ಟುಗಳು ಬೆಟ್ಟದ ಬುಡದ ಗೋದಾಮಿನಲ್ಲಿ ಕೂತವು. ಆ ವಾರವೇ ನಿನಗೆ ಗುಂಡು ಬಿತ್ತು. ಮೊನ್ನೆ ದಾರಿ ಬಿಟ್ಟಿತಂತೆ, ನಿನ್ನ ಜೊತೆಗಾರರೆಲ್ಲ ಈಗ ಹೊಸದನ್ನೇ ಹಾಕಿಕೊಂಡಿದ್ದಾರೆ ಎಂದು ಕೇಳಿ ಸಮಾಧಾನವಾಯಿತು.

ಮಾವ ಏನೂ ಮಾಡದೆ ಸುಮ್ಮನಿದ್ದಿದ್ದರೆ ಜಾಕೆಟ್ಟು ಆ ದಿನವೇ ಪಾಸಾಗುತ್ತಿತ್ತು. ಹಿಮಕ್ಕೆ ಮುಂಚೆ ನಿನ್ನ ಮೈಮೇಲಿರುತ್ತಿತ್ತು. ಇದನ್ನು ನಾನು ಅವರೆದುರು ಒಮ್ಮೆಯೂ ಅಂದಿಲ್ಲ. ಅನ್ನಬೇಕಾಗಿಯೂ ಇಲ್ಲ, ಅವರಿಗೆ ಗೊತ್ತು. ಸುದ್ದಿ ಮೊದಲು ಬಂದದ್ದು ಅವರಿಗೇ. ಸಂಜೆ ಗೇಟಿನಲ್ಲಿ ಗೂಡು ತೆಗೆದಾಗ ಅವರ ಫೋನು ಹೊಡೆದುಕೊಳ್ಳುತ್ತಿತ್ತು. ಬಸ್ಸಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ, ನನಗೇನೂ ತಿಳಿಯಲಿಲ್ಲ. ಮನೆಗೆ ಬಂದು ನಿನ್ನ ಭಾವನಿಗೆ, "ಪಕ್ಕೆಲುಬಂತೆ, ಪ್ರಾಣಕ್ಕೇನೂ ಇಲ್ಲವಂತೆ" ಎಂದರು. ಹಾಗೇ ಬಾಗಿಲಲ್ಲಿ ಕೂತು ಬೂಟಿನ ದಾರ ಬಿಚ್ಚಲು ಹೋದರು. ಎಳೆದಷ್ಟೂ ಗಂಟು ಬಿಗಿಯಾಯಿತು. ಬಗ್ಗಿ ನಾನೇ ಬಿಚ್ಚಿದೆ. ಅವರು ಇನ್ನೊಂದು ಕಾಲನ್ನೂ ಮುಂದೆ ಚಾಚಿದರು.

ಈಗ ಅರ್ಥವಾಯಿತಾ ನನ್ನ ಪಾಡು? ಅಲ್ಲಿ ಮನೆಯ ಮಾತು ಆಡುವ ಹಾಗಿಲ್ಲ, ಮನೆಯಲ್ಲಿ ಅಲ್ಲಿನ ಮಾತು ಎತ್ತುವ ಹಾಗಿಲ್ಲ. ನಾವು ಜಗಳವಾಡಲಿಕ್ಕೆ, ಅತ್ತು ಹಗುರಾಗಲಿಕ್ಕೆ ಎಲ್ಲೂ ಜಾಗವೇ ಇಲ್ಲ. ಒಮ್ಮೆ ಬಸ್ಸಿನಲ್ಲಿ ಬಾಯಿ ತೆರೆಯೋಣ ಎಂದುಕೊಂಡೆ, ಪಕ್ಕದಲ್ಲಿ ಯಾರೋ ಕೋಳಿ ಇಟ್ಟುಕೊಂಡು ಕೂತಿದ್ದರು. ಕೋಳಿಯ ಮುಂದೆ ರಕ್ಷಣಾ ರಹಸ್ಯ ಹೇಗೆ ಮಾತಾಡುವುದು?

ಕೋಣೆ ನೋಡಿಕೊಂಡು ಬಂದ ವಿಷಯವನ್ನೂ ಅವರು ನಿನ್ನ ಭಾವನಿಗೇ ಹೇಳಿದ್ದು. ಇವರು, "ಹೋಗೋದಾದ್ರೆ ಹೋಗಿ ಮಾವ, ನಿಮ್ಮ ಟ್ರಂಕು ಎತ್ತೋಕೆ ಮಾತ್ರ ನನ್ನ ಸೊಂಟ ಒಪ್ಪಲ್ಲ. ಟ್ರಂಕು ಇಲ್ಲೇ ಇರಲಿ, ದಿನಾ ಬಂದು ಒಂದೊಂದು ಬಟ್ಟೆ ತಗೊಂಡು ಹೋಗಿ" ಎಂದರು. ಮಾವ ನಗಲಿಲ್ಲ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ ಮರಿ. ಮಾವನಿಗೆ ನೀನೇ ಬರೆಯಬೇಕು, ಈ ವಾರವೇ. ಕ್ಷಮಿಸಿದ್ದೇನೆ ಎಂದು ಮಾತ್ರ ಬರೆಯಬೇಡ. ಕ್ಷಮಿಸಿದ್ದೇನೆ ಎಂದರೆ ಲೆಕ್ಕ ಇಟ್ಟಿದ್ದೆ ಎಂದ ಹಾಗಾಗುತ್ತದೆ, ಅವರು ಇನ್ನೂ ಕುಗ್ಗುತ್ತಾರೆ. ಬೈದು ಬರೆ. "ಏನು ಮಾವ, ನಾನು ಇಲ್ಲಿ ಮುರ್ಕೊಂಡು ಮಲಗಿದ್ದರೆ ನೀವು ಒಂದು ಕಾಗದ ಹಾಕಲ್ವಾ? ಬರೋ ತಿಂಗಳು ಬರ್ತೀನಿ, ನನ್ನನ್ನ ಎತ್ತಿ ಕೂರಿಸೋಕೆ ಅಕ್ಕನ ಕೈಲಿ ಆಗಲ್ಲ, ನೀವೇ ಇರಬೇಕು" ಎಂದು ಜೋರು ಮಾಡು. ನಿನಗೆ ಬೈಯುವುದು ಹೇಳಿಕೊಡಬೇಕಾಗಿಲ್ಲ. ಅವರನ್ನು ಯಾರಾದರೂ ಬೇಕು ಎಂದು ಹಟ ಮಾಡಿದರೆ ಅವರು ಹೊಸಿಲು ದಾಟುವವರಲ್ಲ, ನಾವಿಬ್ಬರೂ ಹಾಗೇ ಅಲ್ಲವಾ ಅವರನ್ನು ಕಟ್ಟಿಹಾಕಿದ್ದು?

ನನ್ನ ಮೇಲೆ ಸಿಟ್ಟು ಬಂದಿದ್ದರೆ ಅದನ್ನೂ ಬರೆ. ಮುಚ್ಚಿಡಬೇಡ. ನಾಳೆ ಅದೇ ಮಣ್ಣು, ಅದೇ ಲಾಟು ಬಂದರೂ ನಾನು ಅದನ್ನೇ ಮಾಡುತ್ತೇನೆ, ಅದು ಬೇರೆ. ನಿನ್ನ ಎದೆಗೆ ಪೆಟ್ಟು ಬಿದ್ದದ್ದನ್ನು ನೆನೆದರೆ ಕರುಳು ಕಿತ್ತು ಬರುತ್ತದೆ, ಅದು ಬೇರೆ. ಎರಡನ್ನೂ ಹೊತ್ತುಕೊಂಡೇ ತಿರುಗುತ್ತಿದ್ದೇನೆ.

ಡಾಕ್ಟರು ಹೇಳಿದ ಹಾಗೆ ಕೇಳು. ಉಸಿರಾಟದ ವ್ಯಾಯಾಮ ತಪ್ಪಿಸಬೇಡ, ನೋವಾದರೂ ದೀರ್ಘವಾಗಿ ಉಸಿರೆಳೆ. ನರ್ಸಮ್ಮನ ಹತ್ತಿರ ತರಲೆ ಮಾಡಬೇಡ. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ, ನಿನ್ನ ಪಕ್ಕೆಗಳು ಮೊದಲಿಗಿಂತ ಗಟ್ಟಿಯಾಗಿ ಕೂಡಿಕೊಳ್ಳಲಿ.

ಇಂತಿ,
ನಿನ್ನ ಅಕ್ಕ

ಕೊನೆಗೊಂದು ಮಾತು: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಾರೆ. ಮಾವ ಯಾವತ್ತೂ ಅಂದವರಲ್ಲ, ಒಂದ್ನಿಮಿಷ ಸಾಹೇಬರ ಎದುರಲ್ಲೂ "ಏನೇ, ಬಾರೇ" ಎಂದೇ ಕೂಗುತ್ತಿದ್ದರು. ವರದಿ ಕೊಟ್ಟ ದಿನದಿಂದ ಅವರೂ ಅಲ್ಲಿ ಮೇಡಂ ಎನ್ನುತ್ತಾರೆ. ಅದು ಕೆಲಸದ ಜಾಗ, ಇರಲಿ ಎಂದುಕೊಂಡಿದ್ದೆ. ಈ ಬೆಳಿಗ್ಗೆ ನನಗೆ ತಲೆನೋವು, ಎದ್ದಿರಲಿಲ್ಲ. ಮಾವ ಕೋಣೆಯ ಬಾಗಿಲಿಗೆ ಬಂದು, "ಟೀ ಇಟ್ಟಿದ್ದೀನಿ ಮೇಡಂ, ಆರಿ ಹೋಗುತ್ತೆ, ತಗೊಳ್ಳಿ" ಎಂದರು. ಮನೆಯಲ್ಲಿ ಕಣೋ. ಕೋಪದಲ್ಲಿ ಅಂದಿದ್ದರೆ ಎದ್ದು ಜಗಳವಾಡುತ್ತಿದ್ದೆ. ಅವರು ಮೆಲ್ಲಗೆ, ಮರ್ಯಾದೆಯಿಂದಲೇ ಅಂದರು. ಲೋಟ ತೆಗೆದುಕೊಂಡು ಕುಡಿದೆ. ಸಕ್ಕರೆ ನನಗೆ ಎಷ್ಟು ಬೇಕೋ ಅಷ್ಟೇ ಹಾಕಿದ್ದರು.